ಹಗ್ಗ ಎಳೆದು ಕೇಳಿದ ಪ್ರಶ್ನೆ

ಮೊನ್ನೆ ನಮ್ಮ ಲ್ಯಾಬಿನಲ್ಲಿ ಅನಘ ಎಂಬ ಹುಡುಗಿ ಲಾಟರಿ ಹೊಡೆದವಳ ಹಾಗೆ ಕುರ್ಚಿಯಿಂದ ಎದ್ದು, "ಮಿಸ್, ಮಗು ಮಾತಾಡ್ತು!" ಎಂದು ಕೂಗಿದಳು. ಪಕ್ಕದ ಕೋಣೆಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದ ಇಬ್ಬರು ಮೇಷ್ಟರು ಬಾಗಿಲಲ್ಲಿ ಇಣುಕಿ, ಮಗು ಎಲ್ಲಿ ಎಂದು ಹುಡುಕಿ, ಸಿಗದೆ ವಾಪಸು ಹೋದರು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಸಿ ಭಾಷೆ ಕಲಿಸುವವಳು. ಮಗು ಎಂದರೆ ಇಲ್ಲಿ ತೊಟ್ಟಿಲ ಮಗುವಲ್ಲ. ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಓಡುತ್ತಿರುವಾಗಲೇ ತನ್ನ ಹಾಗೇ ಇರುವ ಇನ್ನೊಂದನ್ನು ಹುಟ್ಟಿಸಬಹುದು. ಪುಸ್ತಕದಲ್ಲಿ ಅವಕ್ಕೆ ಪೇರೆಂಟ್, ಚೈಲ್ಡ್ ಎನ್ನುತ್ತಾರೆ. ನಾನು ಸುಮ್ಮನೆ ಅಪ್ಪ, ಮಗು ಎಂದುಬಿಡುತ್ತೇನೆ. ಅಮ್ಮ ಯಾಕಿಲ್ಲ ಎಂದು ಹುಡುಗಿಯರು ಪ್ರತಿ ವರ್ಷ ಕೇಳುತ್ತಾರೆ. ಅಮ್ಮ ಇದ್ದಿದ್ದರೆ ಈ ಪಾಠವೇ ಬೇಕಿರಲಿಲ್ಲ, ಅವಳೇ ಇಬ್ಬರ ನಡುವೆ ಓಡಾಡಿ ಎಲ್ಲ ಸರಿ ಮಾಡುತ್ತಿದ್ದಳು ಎನ್ನುತ್ತೇನೆ.

ಹುಟ್ಟಿಸುವ ಆಜ್ಞೆಗೆ ಫೋರ್ಕ್ ಎಂದು ಹೆಸರು. ಅದು ಮುಗಿದ ಕೂಡಲೇ ಅಪ್ಪನ ಕೈಗೆ ಮಗುವಿನ ನಂಬರು ಸಿಗುತ್ತದೆ, ಮಗುವಿನ ಕೈಗೆ ಸೊನ್ನೆ ಸಿಗುತ್ತದೆ. ಇದನ್ನು ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ಒಂದು ನಿಟ್ಟುಸಿರು ಕೇಳಿಸುತ್ತದೆ. ಅಪ್ಪ ಮೊದಲೇ ಸತ್ತರೆ ಮಗು ಅನಾಥ. ಮಗು ಸತ್ತಮೇಲೆ ಅಪ್ಪ ಬಂದು ವಿಚಾರಿಸದಿದ್ದರೆ ಅದು ಪಿಶಾಚಿಯಾಗಿ ಅಲ್ಲೇ ಅಲೆಯುತ್ತಿರುತ್ತದೆ. ನಾನು ಕಟ್ಟಿ ಹೇಳುತ್ತಿಲ್ಲ, ಪುಸ್ತಕದಲ್ಲಿ ಹೀಗೇ ಇದೆ. ಇದಕ್ಕೆಲ್ಲ ಹೆಸರಿಟ್ಟವರ ಮನೆಯಲ್ಲಿ ಏನು ನಡೆದಿತ್ತೋ ದೇವರೇ ಬಲ್ಲ.

ಇದರಲ್ಲಿ ನನಗೆ ತುಂಬ ಇಷ್ಟವಾದ ಭಾಗ ಬೇರೆ. ಹುಟ್ಟುವ ಗಳಿಗೆಯಲ್ಲಿ ಅಪ್ಪನ ತಲೆಯಲ್ಲಿದ್ದದ್ದೆಲ್ಲ ಮಗುವಿನ ತಲೆಗೂ ಬಂದುಬಿಡುತ್ತದೆ. ಅಲ್ಲಿಂದಾಚೆಗೆ ಇಬ್ಬರ ತಲೆಯೂ ಬೇರೆ ಬೇರೆ. ಅಪ್ಪ ಏನು ಯೋಚಿಸುತ್ತಿದ್ದಾನೆ ಎಂದು ಮಗುವಿಗೆ ತಿಳಿಯದು, ಮಗುವಿನ ಮನಸ್ಸು ಅಪ್ಪನಿಗೆ ತಿಳಿಯದು. ಮಾತು ಬೇಕಾದರೆ ನಡುವೆ ಒಂದು ಪೈಪು ಹಾಕಬೇಕು. ಪೈಪಿನ ಒಂದು ತುದಿಯಲ್ಲಿ ಬರೆಯುವುದು, ಇನ್ನೊಂದು ತುದಿಯಲ್ಲಿ ಓದುವುದು, ಅಷ್ಟೆ.

ಅನಘಳ ಪ್ರೋಗ್ರಾಮಿನಲ್ಲಿ ಅಪ್ಪ ಪೈಪಿನೊಳಗೆ "ಊಟ ಆಯ್ತಾ?" ಎಂದು ಬರೆದಿದ್ದ. ಮಗು ಏನು ಹೇಳಿತು ಎಂದು ಅಪ್ಪ ಓದಿದರೆ ಪರದೆಯ ಮೇಲೆ "ಊಟ ಆಯ್ತಾ?" ಎಂದು ಬಂದಿತ್ತು.

"ನೋಡಿ ಮಿಸ್, ತಿರುಗಿ ಅಪ್ಪನ್ನೇ ವಿಚಾರಿಸ್ತಾ ಇದೆ. ಎಷ್ಟು ಮರ್ಯಾದೆ!" ಎಂದಳು ಅನಘ. ಅವಳು ವಯನಾಡಿನ ಕಾಟ್ಟಿಕುಳಂನವಳು. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ಮಲಯಾಳ. ಖುಷಿಯಾದಾಗ, ತಪ್ಪಾದಾಗ ಮಾತ್ರ ನನ್ನ ಹತ್ತಿರ ಕನ್ನಡಕ್ಕೆ ಇಳಿಯುತ್ತಾಳೆ.

"ಅದು ಮಗು ಅಲ್ಲಮ್ಮ. ನೀನು ಒಂದೇ ಪೈಪು ಹಾಕಿದ್ದೀಯ. ಮಗು ಓದೋಕೆ ಮುಂಚೆ, ಅಪ್ಪ ತಾನು ಬರೆದದ್ದನ್ನ ತಾನೇ ಓದಿಕೊಂಡಿದ್ದಾನೆ. ಮಗುವಿಗೆ ಯಾರೋ ಏನೋ ಕೇಳಿದರು ಅನ್ನೋದೇ ಗೊತ್ತಿಲ್ಲ."

ಇಷ್ಟು ಹೇಳಿದವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ತಡೆಯಲು ನೋಡಿದಷ್ಟೂ ಜಾಸ್ತಿಯಾಗಿ, ಕಣ್ಣಲ್ಲಿ ನೀರು ಬಂದು, ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಅನಘಳ ಮುಖ ಸಣ್ಣದಾಯಿತು. ನಿನ್ನನ್ನು ನೋಡಿ ನಗುತ್ತಿಲ್ಲ ಎಂದರೆ ಅವಳು ನಂಬಲಿಲ್ಲ. ಅವಳಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಇದೇ ತಪ್ಪನ್ನು ನಾನು ಹನ್ನೆರಡನೇ ವಯಸ್ಸಿನಲ್ಲಿ ಮಾಡಿದ್ದೆ. ಕಂಪ್ಯೂಟರ್ ಹಾಗಿರಲಿ, ಕರೆಂಟಿನ ಕಂಬವೂ ಇಲ್ಲದ ಚೇಕಾಡಿಯ ಗದ್ದೆಯಲ್ಲಿ ಮಾಡಿದ್ದೆ. ಅದೂ ಒಂದು ದಿನವಲ್ಲ, ಪೂರಾ ಎರಡು ಬೆಳೆ.

ಅದು ವಯನಾಡು ಹೊಸದಾಗಿ ಜಿಲ್ಲೆಯಾದ ವರ್ಷ. ಅಲ್ಲಿಯವರೆಗೆ ನಾವು ಘಾಟಿನ ಕೆಳಗಿನ ಜಿಲ್ಲೆಗಳ ಬಾಲ ಹಿಡಿದುಕೊಂಡಿದ್ದವರು. ಜಿಲ್ಲೆಯಾದದ್ದೇ ತಡ, ಎಲ್ಲದಕ್ಕೂ ಅದೇ ಕಾರಣವಾಯಿತು. ಪುಲ್ಪಳ್ಳಿಗೆ ಬಸ್ಸು ತಡವಾಗಿ ಬಂದರೆ ಹೊಸ ಜಿಲ್ಲೆ, ಬೇಗ ಬಂದರೂ ಹೊಸ ಜಿಲ್ಲೆ. ಶಾಲೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಮಿಠಾಯಿ ಕೊಟ್ಟರು. ನಾನು ಓಡಿ ಬಂದು ಅಪ್ಪನಿಗೆ ಹೇಳಿದರೆ ಅಪ್ಪ ಗದ್ದೆಯ ಕಡೆ ನೋಡಿ, "ಜಿಲ್ಲೆ ಹೊಸ್ದಾದ್ರೂ ಗಿಣಿ ಹಳೇವೇ ಅಲ್ವಾ ಮಗಾ?" ಎಂದ.

ಗಿಣಿ ನಮ್ಮ ದೊಡ್ಡ ಶತ್ರು. ನಮ್ಮಜ್ಜ ಕಬಿನಿ ಹೊಳೆ ದಾಟಿ ಕನ್ನಡ ಸೀಮೆಯ ಕೋಟೆ ಕಡೆಯಿಂದ ಬಂದು ಚೇಕಾಡಿಯಲ್ಲಿ ನೆಲೆ ನಿಂತವನು. ಅವನು ಬಿಟ್ಟುಹೋದದ್ದು ಉದ್ದನೆಯ ಒಂದು ಗದ್ದೆ, ಅದರಲ್ಲಿ ಗಂಧಕಸಾಲೆ ಭತ್ತ. ಅದು ಹಾಲುಗಟ್ಟುವ ಹೊತ್ತಿಗೆ ಊರೆಲ್ಲ ಘಮ್ಮೆನ್ನುತ್ತದೆ. ಆ ಘಮ ನಮಗಿಂತ ಮೊದಲು ಕಾಡಿನ ಗಿಣಿಗಳಿಗೆ ತಲುಪುತ್ತದೆ. ರಾತ್ರಿಯ ಆನೆ ದೊಡ್ಡವರ ಪಾಲು, ಹಗಲಿನ ಗಿಣಿ ನಮ್ಮಂಥವರ ಪಾಲು ಎಂಬುದು ಊರ ಕಟ್ಟಳೆ. ಆನೆ ಓಡಿಸಿದವರಿಗೆ ಹೆಸರು ಬರುತ್ತದೆ. ಗಿಣಿ ಓಡಿಸಿ ಹೆಸರು ಮಾಡಿದವರನ್ನು ನಾನು ಕಂಡಿಲ್ಲ.

ನನಗೆ ಅಣ್ಣ ತಮ್ಮ ಯಾರೂ ಇರಲಿಲ್ಲ. ಹೀಗಾಗಿ ಗದ್ದೆಗೆ ಎರಡು ಅಟ್ಟಣೆ, ಎರಡಕ್ಕೆ ಇಬ್ಬರೇ ಜನ. ಕಾಡಿನಂಚಿಗೆ ಮೇಲಿನ ಅಟ್ಟಣೆ ಅಪ್ಪನದು. ಹಳ್ಳದ ಪಕ್ಕ ಕೆಳಗಿನ ಅಟ್ಟಣೆ ನನ್ನದು. ನಾಲ್ಕು ಬಿದಿರಿನ ಗಳ ನೆಟ್ಟು, ಆಳೆತ್ತರದಲ್ಲಿ ತಟ್ಟಿ ಹಾಸಿ, ಮೇಲೆ ಹುಲ್ಲು ಹೊದಿಸಿದ ಒಂದು ಮಂಚ ಎಂದುಕೊಳ್ಳಿ. ಈ ಅಟ್ಟಣೆಯಿಂದ ಆ ಅಟ್ಟಣೆಗೆ ಗದ್ದೆಯ ಉದ್ದಕ್ಕೂ ತೆಂಗಿನ ನಾರಿನ ಹಗ್ಗ ಕಟ್ಟಿತ್ತು. ಹಗ್ಗಕ್ಕೆ ಅಲ್ಲಲ್ಲಿ ಹಳೆಯ ಡಬ್ಬಗಳು, ಡಬ್ಬದೊಳಗೆ ನಾಲ್ಕು ಕಲ್ಲು. ಎರಡು ತುದಿಯಲ್ಲೂ ನಮ್ಮ ತಲೆಯ ಮೇಲೆ ಒಂದೊಂದು ದೊಡ್ಡ ಡಬ್ಬ. ಯಾರು ಎಳೆದರೂ ಠಣ್ ಎಂದು ಸದ್ದಾಗಿ ಗಿಣಿ ಏಳುತ್ತಿದ್ದವು. ಎದ್ದು, ಒಂದು ಸುತ್ತು ಹಾಕಿ, ನಮಗೆ ಬೇಜಾರಾಗದಿರಲಿ ಎಂಬಂತೆ ಮತ್ತೆ ಅಲ್ಲೇ ಕೂರುತ್ತಿದ್ದವು.

ಬೆಳಗಿನಿಂದ ಗಿಣಿಗಳನ್ನೇ ನೋಡುತ್ತ ಎಷ್ಟು ಹೊತ್ತು ಕೂರುತ್ತೀರಿ? ನಾನು ಹಗ್ಗದಲ್ಲಿ ಮಾತಾಡುವುದನ್ನು ಕಂಡುಹಿಡಿದೆ. ಒಂದು ಸಲ ಎಳೆದರೆ ಹೂಂ. ಎರಡು ಸಲ ಎಳೆದರೆ ಬೇಡ. ಮೂರು ಸಲ ಎಳೆದರೆ ಅವ್ವ ಬುತ್ತಿ ತಂದಿದ್ದಾಳೆ, ಬಾ. ಅಪ್ಪನಿಗೆ ಹೇಳಿದಾಗ, "ಹ್ಞೂಂ, ಆಗ್ಲಿ" ಎಂದಿದ್ದ. ಬುತ್ತಿಯ ಸದ್ದಿಗೆ ತಪ್ಪದೆ ಇಳಿದು ಬರುತ್ತಿದ್ದ.

ಬೇರೆ ಮಾತಿಗೂ ಅಪ್ಪ ತಪ್ಪದೆ ಉತ್ತರ ಕೊಡುತ್ತಾನೆಂದು ನಾನು ನಂಬಿದ್ದೆ. ನಾನು ಒಂದು ಎಳೆಯುವುದು. ನನ್ನ ಡಬ್ಬ ಒಮ್ಮೆ ಬಡಿಯುವುದು. ಉಸಿರು ಬಿಡುವಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ ಬಡಿಯುವುದು. ಮೊದಲನೆಯದು ನನ್ನದು, ಎರಡನೆಯದು ಅಪ್ಪನದು ಎಂದು ನನ್ನ ಲೆಕ್ಕ. ಅಪ್ಪಾ ಇದ್ದೀಯಾ ಎಂದು ಒಂದು ಎಳೆದರೆ ಒಂದು ಉತ್ತರ. ನಾನು ಜಾಣೆ ತಾನೆ ಎಂದು ಒಂದು ಎಳೆದರೆ ಅದಕ್ಕೂ ಒಂದು. ಅವ್ವ ಹೇಳಿದರೂ ನಾಳೆ ತಲೆಗೆ ಹರಳೆಣ್ಣೆ ಹಚ್ಚುವುದು ಬೇಡ ಅಲ್ವಾ ಎಂದು ಎರಡು ಎಳೆದರೆ ಉತ್ತರವೂ ಎರಡು. ನಾನು ಏನು ಬಯಸುತ್ತೇನೋ ಅದನ್ನೇ ಅಪ್ಪ ಹೇಳುತ್ತಿದ್ದ. ಮನೆಯಲ್ಲಿ ಹತ್ತು ಪ್ರಶ್ನೆಗೆ ಅರ್ಧ ಉತ್ತರ ಕೊಡುವ ಮನುಷ್ಯ ಅಟ್ಟಣೆ ಹತ್ತಿದ ಮೇಲೆ ಹೀಗೆ ಬಾಯಿ ಬಿಡುತ್ತಾನಲ್ಲ ಎಂದು ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ಗಣಿತದಲ್ಲಿ ಕ್ಲಾಸಿಗೇ ಮೊದಲಿಗಳು ನಾನು.

ಹೀಗಿರುವಾಗ ಟೀಚರ್ ಒಂದು ಸುದ್ದಿ ತಂದರು. ನಮ್ಮ ಶಾಲೆಯಲ್ಲಿ ಕ್ಲಾಸುಗಳು ಏಳಕ್ಕೇ ಮುಗಿಯುತ್ತಿದ್ದವು. ಮುಂದಕ್ಕೆ ಓದಬೇಕಾದರೆ ಕಾಡಿನ ದಾರಿ ದಾಟಿ ಹೋಗಿ ಬರಬೇಕು. ಆ ದಾರಿಯಲ್ಲಿ ಹೆಣ್ಣುಮಕ್ಕಳನ್ನು ದಿನಾ ಕಳಿಸುವ ಮನೆಗಳಿರಲಿಲ್ಲ. ಈಗ ಪನಮರಂನಲ್ಲಿ ಹೆಣ್ಣುಮಕ್ಕಳಿಗೆ ಹಾಸ್ಟೆಲು ಆಗುತ್ತದಂತೆ. ಹೊಸ ಜಿಲ್ಲೆಯ ಕಚೇರಿಯವರು ಹೆಸರುಗಳ ಪಟ್ಟಿ ಕೇಳಿದ್ದಾರಂತೆ. "ಮನೆಯಲ್ಲಿ ಕೇಳಿಕೊಂಡು ಬಾ ಮೋಳೇ" ಎಂದರು ಟೀಚರ್. ಅವರು ನನ್ನನ್ನು ಮೋಳೇ, ಅಂದರೆ ಮಗಳೇ, ಎಂದು ಕರೆದ ದಿನ ನಾನು ಎರಡಿಂಚು ಎತ್ತರವಾಗುತ್ತಿದ್ದೆ.

ನನಗೆ ಹೋಗಬೇಕಿತ್ತು. ಯಾಕೆ ಎಂದು ಈಗ ದೊಡ್ಡ ದೊಡ್ಡ ಕಾರಣ ಹೇಳಬಹುದು. ಆಗ ಇದ್ದ ಕಾರಣ ಇಷ್ಟೇ: ಪನಮರಂ ಶಾಲೆಯಲ್ಲಿ ಗಣಿತದ ಪುಸ್ತಕ ದಪ್ಪಗಿರುತ್ತದೆ ಎಂದು ಕೇಳಿದ್ದೆ, ಮತ್ತು ಅಲ್ಲಿ ಗಿಣಿ ಕಾಯುವ ಕೆಲಸವಿಲ್ಲ. ಅದಕ್ಕಾಗಿ ಪ್ರಾಣ ಬಿಡುವಷ್ಟು ಆಸೆಯಾಗಿತ್ತು.

ಅಪ್ಪ ಜಗಲಿಯಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದಾಗ ಕೇಳಿದೆ. "ಅಪ್ಪಾ, ಪನಮರಂ ಹಾಸ್ಟೆಲ್‌ಗೆ ಹೆಸ್ರು ಕೊಡ್ಲಾ? ಟೀಚರ್ ಕೇಳವ್ರೆ."

ಅಪ್ಪ ಕುಡುಗೋಲನ್ನು ತಿರುಗಿಸಿ ಮತ್ತೊಂದು ಮೈ ಮಸೆದ. ಬೆರಳಲ್ಲಿ ಅಲಗು ಮುಟ್ಟಿ ನೋಡಿದ. "ನೋಡಾವ" ಎಂದ.

ನೋಡಾವ ಎಂಬುದು ನಮ್ಮ ಮನೆಯ ಅತ್ಯಂತ ಅಪಾಯದ ಮಾತು. ಹೆಂಚು ಹೊದಿಸೋಣ ಎಂದು ಅವ್ವ ಕೇಳಿದ್ದಕ್ಕೂ ನೋಡಾವ ಎಂದಿದ್ದ. ಹುಲ್ಲಿನ ಮಾಡು ಸೋರುತ್ತಲೇ ಇತ್ತು. ನನ್ನ ಕಿವಿಯೋಲೆಗೂ ನೋಡಾವ ಎಂದಿದ್ದ. ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡೇ ನಾನು ಏಳನೇ ಕ್ಲಾಸಿಗೆ ಬಂದಿದ್ದೆ. ಎದುರಾ ಎದುರು ಇವನಿಂದ ಉತ್ತರ ಹೊರಡುವುದಿಲ್ಲ ಎಂದು ಖಾತ್ರಿಯಾಯಿತು. ಅಟ್ಟಣೆಯ ಮೇಲಿನ ಅಪ್ಪ ಒಳ್ಳೆಯವನು, ಅವನನ್ನೇ ಕೇಳೋಣ ಎಂದು ಉಪಾಯ ಮಾಡಿದೆ.

"ಅಪ್ಪಾ, ನಿಂಗೆ ಬಾಯ್ ಬಿಡಕ್ ಬೇಜಾರಾದ್ರೆ ಶನಿವಾರ ಅಟ್ಟಣೇಲ್ ಹೇಳು. ನಾನ್ ಒಂದ್ ಎಳೀತೀನಿ. ಹೋಗು ಅನ್ನಂಗಿದ್ರೆ ನೀನೂ ಒಂದ್ ಎಳಿ. ಬ್ಯಾಡ ಅನ್ನಂಗಿದ್ರೆ ಎರಡ್ ಎಳಿ."

ಅಪ್ಪ ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ. ಕುಡುಗೋಲು ಸೂರಿಗೆ ಸಿಕ್ಕಿಸಿ ಎದ್ದು ಹೋದ.

ಶನಿವಾರ ಬೆಳಿಗ್ಗೆ ಮಂಜು ಇನ್ನೂ ಗದ್ದೆಯ ಮೇಲೇ ಇತ್ತು. ಆ ತುದಿಯ ಅಟ್ಟಣೆ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ದೇವರಿಗೆ ಕೈಮುಗಿದು ಹಗ್ಗ ಹಿಡಿದು ಒಂದೇ ಒಂದು ಸಲ ಎಳೆದೆ. ಠಣ್. ಇದು ನನ್ನದು. ಕಣ್ಣು ಮುಚ್ಚಿಕೊಂಡೆ. ಠಣ್. ಒಂದೇ! ಇನ್ನೊಂದು ಬಂದೀತೆಂದು ಕಾದೆ. ಬರಲಿಲ್ಲ. ಅಪ್ಪ ಹೋಗು ಎಂದಿದ್ದ.

ಸೋಮವಾರ ಟೀಚರಿಗೆ ಹೆಸರು ಕೊಟ್ಟೆ. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಊರು ಬಿಡುವವಳಿಗೆ ಇವೆಲ್ಲ ಯಾಕೆ ಎಂದು ಕಲ್ಲಾಟದ ಐದು ಕಲ್ಲು, ಒಣಗಿಸಿಟ್ಟ ಹುಣಸೆ ಬೀಜ, ಒಂದು ತುದಿ ಮುರಿದ ಬಾಚಣಿಗೆ, ಎಲ್ಲವನ್ನೂ ಗೆಳತಿಯರಿಗೆ ಹಂಚಿಬಿಟ್ಟೆ. ಹಾಸ್ಟೆಲು ಸೇರಲು ಇನ್ನೂ ಏಳು ತಿಂಗಳಿತ್ತು. ಶಾಲೆಯಿಡೀ ಗೊತ್ತಾಯಿತು. ಇನ್ನು ವಾಪಸು ಬರುವ ದಾರಿ ಇರಲಿಲ್ಲ.

ಬುಧವಾರ ಸಂಜೆ ಟೀಚರೇ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದುಕೊಂಡು ಬಂದರು. ಕೈಯಲ್ಲಿ ಒಪ್ಪಿಗೆಯ ಕಾಗದ. "ಅಚ್ಛನ್ ಸಮ್ಮದಿಚ್ಚಲ್ಲೋ, ಸಂತೋಷಂ" ಎಂದರು ಅಪ್ಪನಿಗೆ. ನೀವು ಒಪ್ಪಿದಿರಲ್ಲ, ಸಂತೋಷ ಎಂದು. ಸೋಮವಾರದೊಳಗೆ ಸಹಿ ಹಾಕಿ ಕಳಿಸಬೇಕು, ಪಟ್ಟಿ ಕಲ್ಪೆಟ್ಟದ ಜಿಲ್ಲಾ ಕಚೇರಿಗೆ ಹೋಗಬೇಕು ಎಂದೂ ಹೇಳಿದರು. ಅಪ್ಪ ಒಮ್ಮೆ ನನ್ನನ್ನು ನೋಡಿದ. ಕಾಗದ ತೆಗೆದುಕೊಂಡ. "ಶರಿ ಟೀಚರೇ" ಎಂದು ಅವ್ವನನ್ನು ಕರೆದು ಮಜ್ಜಿಗೆ ಕೊಡಿಸಿದ. ಅವರು ಹೋಗಿ, ಕೊಡೆ ತಿರುವಿನಲ್ಲಿ ಮರೆಯಾಗುವವರೆಗೂ ನಗುಮುಖದಲ್ಲೇ ನಿಂತಿದ್ದ. ಆಮೇಲೆ ತಿರುಗಿದ.

"ನಾನ್ ಯಾವತ್ತವ್ವಾ ಒಪ್ಪಿದ್ದು?"

"ಶನಿವಾರ! ನೀನ್ ಒಂದ್ ಎಳ್ದಲ್ಲ!"

"ಶನಿವಾರ ಬೆಳಿಗ್ಗೆ ನಾನ್ ಅಟ್ಟಣೇಲೇ ಇರ್ಲಿಲ್ಲ. ಮೇಲ್ಗಡೆ ಹಳ್ಳದ ಕಟ್ಟೆ ಒಡ್ದಿತ್ತು, ಮಣ್ಣು ಹಾಕ್ತಾ ಇದ್ದೆ."

"ಸುಳ್ಳು. ಡಬ್ಬ ಬಡೀತು. ನಾನೇ ಕೇಳಿವ್ನಿ."

ಅಪ್ಪ ಸೀದಾ ನನ್ನ ಅಟ್ಟಣೆ ಹತ್ತಿದ. ನಾನೂ ಹಿಂದೆ ಹತ್ತಿದೆ. ಹಗ್ಗ ಹಿಡಿದು ಒಂದು ಸಲ ಎಳೆದು ಬಿಟ್ಟ. ಠಣ್. ಎಳೆದ ಹಗ್ಗ ಆ ತುದಿಯವರೆಗೂ ಓಲಾಡುತ್ತ ಹೋಯಿತು, ಓಲಾಡುತ್ತ ವಾಪಸು ಬಂತು. ನಮ್ಮ ತಲೆಯ ಮೇಲೆ ಮತ್ತೆ ಠಣ್.

"ಕೇಳುಸ್ತಾ?" ಎಂದ ಅಪ್ಪ. "ಇದ್ಯಾರು ಈಗ? ನಿಮ್ಮಪ್ಪನಾ?"

ಆ ತುದಿಯಲ್ಲಿ ಯಾರೂ ಇರಲಿಲ್ಲ. ನಮ್ಮಪ್ಪ ನನ್ನ ಪಕ್ಕದಲ್ಲೇ ಇದ್ದ.

"ಅಂಗಾದ್ರೆ ಎರಡ್ ವರ್ಷ ನಾನ್ ಮಾತಾಡಿದ್ದು?"

"ಡಬ್ಬದ್ ಜೊತೆ."

ಎರಡು ವರ್ಷದ ಸಂಭಾಷಣೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ನಾನು ಜಾಣೆ ಎಂದು ಹೇಳಿದ್ದೂ ನಾನೇ. ಕಿವಿ ಬಿಸಿಯಾಯಿತು. ಅಪ್ಪ ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಅವನು ಬೈಯಲೂ ಇಲ್ಲ, ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು ಇಳಿದು ಹೋದ.

ಗುರುವಾರ, ಶುಕ್ರವಾರ ಮನೆಯಲ್ಲಿ ಮಾತಿಲ್ಲ. ನಮ್ಮ ಪಾಠದಲ್ಲಿ ಇದಕ್ಕೆ ಡೆಡ್‌ಲಾಕ್ ಎನ್ನುತ್ತಾರೆ. ಅಪ್ಪ ಮಗುವಿನ ಮಾತು ಬರಲಿ ಎಂದು ಓದುವ ತುದಿಯಲ್ಲಿ ಕಾದು ಕೂತಿರುತ್ತಾನೆ. ಮಗು ಅಪ್ಪನ ಮಾತು ಬರಲಿ ಎಂದು ಇನ್ನೊಂದು ಓದುವ ತುದಿಯಲ್ಲಿ ಕಾದು ಕೂತಿರುತ್ತದೆ. ಇಬ್ಬರದೂ ತಪ್ಪಿಲ್ಲ. ಇಬ್ಬರೂ ಹೇಳಿದ ಕೆಲಸವನ್ನೇ ಮಾಡುತ್ತಿದ್ದಾರೆ. ಪರದೆಯ ಮೇಲೆ ಏನೂ ಬರುವುದಿಲ್ಲ, ಮಕ್ಕಳು ಮೌಸ್ ಕುಟ್ಟುತ್ತಾರೆ, ನನ್ನನ್ನು ಕರೆಯುತ್ತಾರೆ. ಯಾರಾದರೂ ಒಬ್ಬರು ಮೊದಲು ಬರೆಯಲೇಬೇಕು ಎನ್ನುತ್ತೇನೆ ನಾನು, ಹುಟ್ಟಿನಿಂದಲೇ ಇದು ಗೊತ್ತಿದ್ದವಳ ಹಾಗೆ.

ಬರೆದರೂ ಸಾಲದು. ಬರೆದ ಮಾತು ಕೂಡಲೇ ಹೊರಡುವುದಿಲ್ಲ, ಬಫರ್ ಎಂಬ ಗೂಡಿನಲ್ಲಿ ಕೂತಿರುತ್ತದೆ. ಗೂಡು ತುಂಬಬೇಕು, ಇಲ್ಲವೇ ಹಿಂದಿನಿಂದ ತಳ್ಳಬೇಕು. ನಮ್ಮಪ್ಪನದು ದೊಡ್ಡ ಗೂಡು. ಎಷ್ಟು ಮಾತು ಹಾಕಿದರೂ ತುಂಬುತ್ತಿರಲಿಲ್ಲ.

ತಳ್ಳಲು ಅವ್ವ ಇದ್ದಳು. ಶುಕ್ರವಾರ ಅನ್ನ ಬಡಿಸುತ್ತ ಅವಳ ತಾಳ್ಮೆ ಮುಗಿಯಿತು. "ಅವ್ನು ಅವ್ಳೇ ಕೇಳ್ಲಿ ಅಂತಾನೆ, ಇವ್ಳು ಅವ್ನೇ ಹೇಳ್ಲಿ ಅಂತಾಳೆ. ಹೊಟ್ಟೆ ಹಸುದ್ರೆ ಮಾತ್ರ ಇಬ್ರೂ ನನ್ ಮಕ ನೋಡ್ತೀರ! ನಾಳೆ ಬುತ್ತಿ ತರಲ್ಲ, ಹಗ್ಗ ಎಳ್ಕಂಡು ಕುಂತ್ಕಳಿ." ಅಪ್ಪ ಅನ್ನ ಕಲಸಿದ. ನಾನು ಉಪ್ಪಿನಕಾಯಿ ನೆಕ್ಕಿದೆ. ಬುತ್ತಿಯ ಬೆದರಿಕೆ ಇಬ್ಬರಿಗೂ ತಾಗಿತ್ತು.

ಅಪ್ಪ ಕೈತೊಳೆಯಲು ಹೋದಾಗ ಅವ್ವ ತಗ್ಗಿದ ದನಿಯಲ್ಲಿ ಹೇಳಿದಳು. "ನೀ ಹೋದ್ರೆ ಕೆಳಗ್ಲು ಪಾಡ ಕಾಯೋರ್ ಯಾರವ್ವ? ಬರೋ ವರ್ಷ ಅವ್ನೊಬ್ನೇ ಎರಡ್ ಕಡೆ ಹೆಂಗ್ ಓಡ್ತಾನೆ? ಅದ್ಕೇ ಬಾಯ್ ಕಟ್ಟೋಗದೆ ಅವ್ನಿಗೆ."

ಪಾಡ ಎಂದರೆ ನಮ್ಮ ಕಡೆ ಗದ್ದೆ. ಅದು ನನಗೆ ಹೊಳೆದೇ ಇರಲಿಲ್ಲ. ಅಪ್ಪನಿಗೆ ನಾನು ಓದುವುದು ಇಷ್ಟವಿಲ್ಲ ಎಂದುಕೊಂಡಿದ್ದೆ. ನಾನಿಲ್ಲದೆ ಅವನಿಗೆ ಆಗುವುದಿಲ್ಲ ಎಂದರೆ ಏನು ಹೇಳುವುದು? ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಹೋಗಬೇಕು ಎಂದೇ ಅನಿಸುತ್ತಿತ್ತು. ಅದಕ್ಕೆ ಇನ್ನೂ ನಾಚಿಕೆಯಾಯಿತು.

ಶನಿವಾರ ನಾನು ಗದ್ದೆಗೆ ಹೋಗುವಷ್ಟರಲ್ಲಿ ಅಪ್ಪ ನನ್ನ ಅಟ್ಟಣೆಯ ಮೇಲೆ ನಿಂತು ಏನೋ ಬಿಚ್ಚುತ್ತಿದ್ದ. ಹಳೆಯ ಹಗ್ಗದ ಜೊತೆಗೆ ಹೊಸದೊಂದು ಹಗ್ಗ ಗದ್ದೆಯುದ್ದಕ್ಕೂ ಬಂದಿತ್ತು.

"ಇದು ನಿಂದು" ಎಂದು ಹಳೆಯ ಹಗ್ಗ ತೋರಿಸಿದ. "ಇದು ನಂದು" ಎಂದು ಹೊಸದನ್ನು ತೋರಿಸಿದ. "ನಿನ್ ಹಗ್ಗದ ಡಬ್ಬ ನನ್ ತಾವ. ನನ್ ಹಗ್ಗದ ಡಬ್ಬ ನಿನ್ ತಾವ."

ನನ್ನ ಹಗ್ಗದ ಈ ತುದಿಯಲ್ಲಿದ್ದ ಡಬ್ಬವನ್ನು ಬಿಚ್ಚಿ ಕೆಳಗೆ ಎಸೆದ. ನಡುವಿನ ಡಬ್ಬಗಳನ್ನು ಆಗಲೇ ತೆಗೆದಾಗಿತ್ತು.

"ನನ್ ಹಗ್ಗಕ್ಕೆ ಇಲ್ಲೊಂದು ಬ್ಯಾಡ್ವಾ ಅಪ್ಪಾ?"

"ಎಳಿಯೋ ಕಡೆ ಡಬ್ಬ ಯಾಕೆ? ನಿನ್ ಮಾತ್ನ ನೀನೇ ಕೇಳುಸ್ಕಳಕಾ?"

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಎರಡು ಪೈಪು ಹಾಕಿ, ಒಂದು ಹೋಗಲು, ಒಂದು ಬರಲು. ಹಾಕಿದ ಮೇಲೆ ನಿಮಗೆ ಬೇಡದ ತುದಿಗಳನ್ನು ಮುಚ್ಚಿಬಿಡಿ. ಅಪ್ಪ ಮತ್ತು ಮಗು ಎರಡೂ ಪ್ರೋಗ್ರಾಮುಗಳು ಮಾತಾಡಲು ಇರುವ ನಿಯಮ ಇಷ್ಟೇ. ಇದನ್ನು ನಾನು ಎರಡು ವಾರ ಪಾಠ ಮಾಡುತ್ತೇನೆ, ಬೋರ್ಡಿನ ಮೇಲೆ ಬಾಣದ ಗುರುತು ಹಾಕುತ್ತೇನೆ, ಪರೀಕ್ಷೆಯಲ್ಲಿ ಕೇಳುತ್ತೇನೆ, ಆಮೇಲೂ ಅರ್ಧ ಕ್ಲಾಸು ತುದಿ ಮುಚ್ಚಲು ಮರೆತು ಬರುತ್ತದೆ. ಬಸ್ಸಿನ ಬೋರ್ಡು ಬಿಟ್ಟರೆ ಬೇರೇನೂ ಓದದ ನಮ್ಮಪ್ಪ ಎರಡು ದಿನ ಬಾಯಿ ಮುಚ್ಚಿಕೊಂಡಿದ್ದು ಇದನ್ನು ಕಂಡುಹಿಡಿದಿದ್ದ. ನಾನು ಎಷ್ಟೋ ವರ್ಷದ ನಂತರ ದಪ್ಪ ಪುಸ್ತಕದಲ್ಲಿ ಇದೇ ಚಿತ್ರ ನೋಡಿದಾಗ, ಪುಸ್ತಕ ಬರೆದವರು ನಮ್ಮ ಗದ್ದೆಗೆ ಬಂದಿದ್ದರೇನೋ ಎಂದುಕೊಂಡೆ.

"ಈಗ ಕೇಳು" ಎಂದ ಅಪ್ಪ.

"ಏನ್ನ?"

"ಅವತ್ ಕೇಳುದ್ನ."

ಅಷ್ಟು ಹೇಳಿ ಇಳಿದು ಬದುವಿನ ಮೇಲೆ ನಡೆದು ಹೋದ. ನಾನು ಅಟ್ಟಣೆ ಹತ್ತಿ ಅವನ ಬೆನ್ನನ್ನೇ ನೋಡುತ್ತ ನಿಂತೆ. ಇಲ್ಲೇ ಹೇಳಬಹುದಿತ್ತು, ಎರಡು ಮೊಳ ದೂರದಲ್ಲಿದ್ದ. ಆದರೆ ನಮ್ಮಪ್ಪ ಹಾಗೆಲ್ಲ ಸುಲಭಕ್ಕೆ ಬಗ್ಗುವವನಲ್ಲ. ಗದ್ದೆಯುದ್ದ ನಡೆದು, ಅಟ್ಟಣೆ ಹತ್ತಿ, ಕೂತು, ಹೆಗಲ ಟವೆಲು ಕೊಡವಿ ಪಕ್ಕಕ್ಕೆ ಇಟ್ಟ. ಅಂದು ಮಂಜಿರಲಿಲ್ಲ, ಎಲ್ಲ ಕಾಣುತ್ತಿತ್ತು.

ನನ್ನ ಹಗ್ಗ ಹಿಡಿದು ಒಂದು ಎಳೆದೆ. ದೂರದಲ್ಲಿ, ಅಪ್ಪನ ತಲೆಯ ಮೇಲೆ, ಸಣ್ಣದಾಗಿ ಠಣ್ ಎಂದಿತು. ನನ್ನ ತಲೆಯ ಮೇಲೆ ಏನೂ ಸದ್ದಿಲ್ಲ. ಹಗ್ಗ ಓಲಾಡಿ ಬಂದರೂ ಏನೂ ಇಲ್ಲ. ಎರಡು ವರ್ಷದಲ್ಲಿ ಮೊದಲ ಸಲ ನಾನು ಪ್ರಶ್ನೆ ಕೇಳಿ ಉತ್ತರವಿಲ್ಲದೆ ಕೂತಿದ್ದೆ. ಅಪ್ಪನ ಉತ್ತರಕ್ಕೆ ಕಾಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಅಪ್ಪನ ಹಗ್ಗದ ಡಬ್ಬವನ್ನೇ ದಿಟ್ಟಿಸುತ್ತಿದ್ದೆ. ಸುತ್ತ ಮುತ್ತ ಏನಿದೆ ಎಂಬ ಪ್ರಜ್ಞೆ ಇರಲಿಲ್ಲ. ಅಪ್ಪನಿಲ್ಲದ ಗದ್ದೆಯಲ್ಲಿ ಡಬ್ಬ ಎಷ್ಟು ಸಲೀಸಾಗಿ ಹೂಂ ಎಂದಿತ್ತಲ್ಲ ಎಂದು ಅನಿಸಿತು.

ಠಣ್.

ಒಂದು! ನಾನು ಎದ್ದು ನಿಂತೆ. ಹೋಗು ಎಂದ! ಈ ಸಲ ಅಪ್ಪನೇ, ಡಬ್ಬವಲ್ಲ. ಕೈ ಎತ್ತಿ ಕೂಗಬೇಕು ಎಂದು ಬಾಯಿ ತೆರೆದಿದ್ದೆ.

ಠಣ್.

ಬಾಯಿ ತೆರೆದೇ ಇತ್ತು. ಎರಡು. ಎರಡೆಂದರೆ ಬೇಡ. ಮೂರನೆಯದೂ ಬಡಿದರೆ ಊಟವಾದರೂ ಆದೀತು ಎಂದು ನೋಡಿದೆ. ಬಡಿಯಲಿಲ್ಲ. ಹಂಚಿದ ಕಲ್ಲು, ಹುಣಸೆ ಬೀಜ, ಬಾಚಣಿಗೆ ಎಲ್ಲ ಕಣ್ಣ ಮುಂದೆ ಬಂದವು. ಟೀಚರಿಗೆ ಹೇಗೆ ಮುಖ ತೋರಿಸುವುದು? ಏಣಿ ಇಳಿಯುವ ವ್ಯವಧಾನವಿಲ್ಲದೆ ಅಟ್ಟಣೆಯಿಂದ ಹಾರಿದೆ. ಬದುವಿನ ಮೇಲೆ ಓಡಿದೆ, ಒಂದು ಕಡೆ ಜಾರಿ ಮೊಣಕಾಲುದ್ದ ಕೆಸರಿಗೆ ಬಿದ್ದೆ, ಎದ್ದು ಮತ್ತೆ ಓಡಿದೆ. ಅಪ್ಪನ ಅಟ್ಟಣೆಯ ಕೆಳಗೆ ನಿಂತಾಗ ಅಳು, ಕೆಸರು, ಏದುಸಿರು ಎಲ್ಲ ಒಟ್ಟಿಗೆ ಇತ್ತು.

"ಯಾಕಪ್ಪಾ ಬ್ಯಾಡ ಅಂದೆ?"

ಅಪ್ಪ ಮೇಲಿನಿಂದ ಬಗ್ಗಿ ನೋಡಿದ. "ನಾನೆಲ್ಲಿ ಬ್ಯಾಡ ಅಂದೆ?"

"ಎರಡ್ ಎಳ್ದಲ್ಲ!"

"ಒಂದು ನಿಂಗೆ. ಇನ್ನೊಂದು ಗಿಣಿಗೆ. ನಿನ್ ಅಟ್ಟಣೆ ಕೆಳ್ಗೇ ಬಂದು ಕೂತಿದ್ವು, ನೋಡ್ಲಿಲ್ವಾ ನೀನು?"

ಪೈಪಿನೊಳಗೆ ಒಂದು ಮಾತು ಎಲ್ಲಿಗೆ ಮುಗಿಯಿತು, ಇನ್ನೊಂದು ಎಲ್ಲಿಂದ ಶುರುವಾಯಿತು ಎಂಬ ಗುರುತಿರುವುದಿಲ್ಲ, ಅದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು ಎಂದು ಈಗ ಮಕ್ಕಳಿಗೆ ಹೇಳುತ್ತೇನೆ. ಅವತ್ತು ನಾವಿಬ್ಬರೂ ಅದನ್ನು ಗೊತ್ತುಮಾಡಿಕೊಂಡಿರಲಿಲ್ಲ.

ಅಪ್ಪ ಇಳಿದು ಬಂದ. ಜೇಬಿನಿಂದ ಒಪ್ಪಿಗೆಯ ಕಾಗದ ತೆಗೆದ. ಬೆವರಿಗೆ ಮೆತ್ತಗಾಗಿತ್ತು. ಬಿಚ್ಚಿ ನೋಡಿದರೆ ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತು.

"ಯಾವಾಗ ಒತ್ತಿದ್ದು?"

"ಗುರುವಾರಾನೇ ಒತ್ತಿವ್ನಿ."

"ಮತ್ ಯಾಕ್ ಹೇಳ್ಲಿಲ್ಲ?"

"ನೀ ಕೇಳ್ಲಿಲ್ವಲ್ಲ" ಎಂದ ಅಪ್ಪ. ಆಮೇಲೆ, ಬಾಯಲ್ಲಿ, ಎಲ್ಲ ಅಕ್ಷರವೂ ಕೇಳುವ ಹಾಗೆ ಹೇಳಿದ. "ಹೋಗವ್ವ. ಓದ್ಕೋ ಹೋಗು."

ಬರುವ ವರ್ಷ ನೀನೊಬ್ಬನೇ ಏನು ಮಾಡುತ್ತೀಯ ಎಂದು ಕೇಳಬೇಕಿತ್ತು. ಅಷ್ಟರಲ್ಲಿ ಅಪ್ಪ ನನ್ನ ಭುಜದ ಮೇಲಿಂದ ದೂರಕ್ಕೆ ನೋಡಿ, "ಅಯ್ಯೋ!" ಎಂದ. ತಿರುಗಿದರೆ, ಕಾಯುವವರಿಲ್ಲದ ಕೆಳಗಿನ ಗದ್ದೆಯ ಮೇಲೆ ಗಿಣಿಗಳು ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ನಾನು ಓಡಲು ಹೊರಟೆ. ಅಪ್ಪ ಭುಜ ಹಿಡಿದು ನಿಲ್ಲಿಸಿದ.

"ನೀ ಇಲ್ಲೇ ಇರು. ಬರೋ ವರ್ಷ ನಾನೊಬ್ನೇ ತಾನೇ ಓಡ್ಬೇಕು? ಈಗ್ಲೇ ಅಭ್ಯಾಸ ಆಗ್ಲಿ."

ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಹೋ ಹೋ ಎಂದು ಕೂಗುತ್ತ ಬದುವಿನ ಮೇಲೆ ಓಡಿದ. ಅಪ್ಪನಿಗೆ ಅಷ್ಟು ಜೋರು ದನಿಯಿದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಬಿದ್ದ ಜಾಗದಲ್ಲೇ ಅವನೂ ಒಮ್ಮೆ ಜಾರಿದ, ಸಾವರಿಸಿಕೊಂಡು ಮತ್ತೆ ಓಡಿದ. ಅವನು ಕೆಳಗಿನ ಗದ್ದೆ ಮುಟ್ಟುವಷ್ಟರಲ್ಲಿ ಗಿಣಿಗಳೆಲ್ಲ ಎದ್ದು, ಒಂದು ಸುತ್ತು ಹಾಕಿ, ಆರಾಮವಾಗಿ ಮೇಲಿನ ಗದ್ದೆಗೆ ಬಂದು ನನ್ನ ಎದುರಿಗೇ ಕೂತವು. ಅಪ್ಪ ಅಲ್ಲಿಂದ ತಿರುಗಿ ನೋಡಿ, ಮತ್ತೆ ಪಂಚೆ ಎತ್ತಿ ಕಟ್ಟಿ, ಈ ಕಡೆಗೆ ಓಡಲು ಶುರು ಮಾಡಿದ. ನಾನು ಗಿಣಿ ಓಡಿಸುವುದನ್ನೂ ಮರೆತು, ನಗುತ್ತ ಅಳುತ್ತ, ಓಡಿ ಬರುತ್ತಿದ್ದ ಅಪ್ಪನನ್ನೇ ನೋಡುತ್ತ ನಿಂತುಬಿಟ್ಟೆ.